ಅಪ್ಪ ನೋಡಿರದ ಎರಡು ನಿಮಿಷ

ನಮ್ಮಪ್ಪನಿಗೆ ಮೂರ್ಛೆ ಬರುತ್ತದೆ ಅನ್ನುವುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಒಬ್ಬರನ್ನು ಬಿಟ್ಟು. ಆ ಒಬ್ಬರು ನಮ್ಮಪ್ಪ.

ಗೊತ್ತಿರಲಿಲ್ಲ ಅಂದರೆ ಪೂರ್ತಿ ಸರಿಯಾಗುವುದಿಲ್ಲ. ನಾವು ಹೇಳಿದ್ದೆವು. ಡಾಕ್ಟರು ಹೇಳಿದ್ದರು, ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು. ಅಪ್ಪ ಒಪ್ಪಿರಲಿಲ್ಲ, ಅಷ್ಟೆ. ಅವನ ಕಡೆಯಿಂದ ನೋಡಿದರೆ ನಡೆಯುವುದು ಇಷ್ಟು: ಅವನು ಸುಮ್ಮನೆ ಕೂತು ನೂಲು ಸುತ್ತುತ್ತಿರುತ್ತಾನೆ. ಮರುಕ್ಷಣ ನೆಲದ ಮೇಲೆ ಮಲಗಿರುತ್ತಾನೆ. ಭುಜ ನೋಯುತ್ತಿರುತ್ತದೆ, ಸುತ್ತ ಅರ್ಧ ಬೀದಿ ನಿಂತಿರುತ್ತದೆ, ಮುಷ್ಟಿಯೊಳಗೆ ಯಾರದೋ ಮನೆಯ ಬೀಗದ ಕೈ ಇರುತ್ತದೆ.

"ನಾನು ಒಂದ್ಗಳಿಗೆ ಕಣ್ಣು ಮುಚ್ಚಂಗಿಲ್ಲ, ಊರೋರೆಲ್ಲ ಬಂದು ನನ್ ಕೈಗೆ ಬೀಗದ ಕೈ ತುರುಕ್ತಾರೆ. ಕಾಯಿಲೆ ನನಗೋ, ಊರಿಗೋ?" ಅಂತ ಕೇಳುತ್ತಿದ್ದ.

ಈ ಪ್ರಶ್ನೆಯ ಎರಡನೇ ಭಾಗದಲ್ಲಿ ಸ್ವಲ್ಪ ಸತ್ಯ ಇತ್ತು ಅಂತ ನಾನು ಒಪ್ಪಲೇಬೇಕು.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಗಳೇ ಇರುವ ಬೀದಿ. ಬೆಳಗಾದರೆ ಮನೆಮನೆಯಲ್ಲೂ ಪವರ್‌ಲೂಮು ಹೊಡೆದುಕೊಳ್ಳಲು ಶುರು. ಒಳಗೆ ಮಾತಾಡುವುದು ಅಂದರೆ ಕೂಗುವುದು. ಕಾಲೇಜಿನ ಚರ್ಚಾಸ್ಪರ್ಧೆಗೆ ನನ್ನನ್ನು ಆರಿಸಿದ್ದು ವಿಚಾರ ನೋಡಿ ಅಲ್ಲ, ಗಂಟಲು ನೋಡಿ ಅಂತ ಅಪ್ಪ ಇವತ್ತಿಗೂ ಹೇಳುತ್ತಾನೆ. ಅಷ್ಟು ಸದ್ದಿನ ನಡುವೆಯೂ ಅಪ್ಪ ಬಿದ್ದದ್ದು ಬೀದಿಗೆ ಹೇಗೋ ತಿಳಿದುಬಿಡುತ್ತಿತ್ತು. ತಿಳಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಮನೆಯ ಬೀಗದ ಕೈ ಹಿಡಿದುಕೊಂಡು ಓಡಿ ಬರುತ್ತಿದ್ದರು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕಂತೆ.

ಕಬ್ಬಿಣ. ತೊಂದರೆ ಅಲ್ಲೇ. ಈಗಿನ ಬೀಗದ ಕೈಗಳು ಒಂದು ಹಿತ್ತಾಳೆ, ಇನ್ನೊಂದು ಇನ್ನೇನೋ. ಸ್ಕೂಟರಿನದಾದರೆ ಅರ್ಧ ಪ್ಲಾಸ್ಟಿಕ್ಕು. ಅಪ್ಪ ನೆಲದ ಮೇಲೆ ಸೆಟೆದುಕೊಂಡು ಒದ್ದಾಡುತ್ತಿದ್ದರೆ, ಅವನ ತಲೆಯ ಮೇಲೆ ಸ್ಕೂಟರಿನ ಬೀಗದ ಕೈ ಲೆಕ್ಕಕ್ಕೆ ಬರುತ್ತೋ ಇಲ್ಲವೋ ಅಂತ ಜಗಳ ನಡೆಯುತ್ತಿತ್ತು. ಕೊನೆಗೆ ತೀರ್ಪು ಕೊಡುತ್ತಿದ್ದದ್ದು ಎದುರುಮನೆ ಅಜ್ಜಿ. ಅಸಲಿ ಕಬ್ಬಿಣದ, ಗೇಣುದ್ದದ ಬೀಗದ ಕೈ ಇದ್ದದ್ದು ಅವರೊಬ್ಬರ ಹತ್ತಿರ. ಅದರ ಬೀಗ ಯಾವ ಕಾಲದಲ್ಲೋ ಕಳೆದುಹೋಗಿದೆ. ಬಾಗಿಲೂ ಇಲ್ಲ. ಕೈ ಮಾತ್ರ ನಮ್ಮಪ್ಪನಿಗೋಸ್ಕರ ಉಳಿದುಕೊಂಡಿದೆ.

ಅಪ್ಪ ಎದ್ದ ಮೇಲೆ ಗುಂಪು ಚದುರುತ್ತಿತ್ತು, ಬೀಗದ ಕೈಗಳು ನಮ್ಮಲ್ಲೇ ಉಳಿಯುತ್ತಿದ್ದವು. ಸಂಜೆ ಯಾರಾದರೊಬ್ಬರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಅಣ್ಣ ಹುಷಾರಾದ್ರಾ?"

"ಹ್ಞೂಂ, ಮಲಗಿದಾರೆ."

"ಸದ್ಯ. ಹಂಗಾರೆ ನಮ್ ಬೀಗದ ಕೈ ಕೊಟ್ಬಿಡಮ್ಮ, ಎಲ್ಲಾರೂ ಬೀದೀಲಿ ನಿಂತಿದೀವಿ."

ನಾನು ಅಜ್ಜಿಯ ಜೊತೆ ಒಮ್ಮೆ ಕ್ರಮವಾಗಿ ವಾದ ಮಾಡಿದೆ. "ಅಜ್ಜಿ, ಅದು ತಾನಾಗೇ ಎರಡು ನಿಮಿಷಕ್ಕೆ ನಿಲ್ಲುತ್ತೆ. ನೀವು ಕನ್ನಡಕ ಹುಡುಕಿ, ಬೀಗದ ಕೈ ಹುಡುಕಿ, ಬೀದಿ ದಾಟಿ ಬರೋಕೂ ಎರಡೇ ನಿಮಿಷ. ನಿಲ್ಲೋ ಹೊತ್ತಿಗೆ ನೀವು ಬರ್ತೀರ. ಹಂಗಾಗಿ ನಿಮ್ ಬೀಗದ ಕೈಯಿಂದ ನಿಂತಂಗೆ ಕಾಣುತ್ತೆ."

ಅಜ್ಜಿ ಗಮನವಿಟ್ಟು ಕೇಳಿದರು. "ಅಂದ್ರೆ ನಾನು ಬೇಗ ಬಂದ್ರೆ ಅವ್ನು ಬೇಗ ಏಳ್ತಾನೆ ಅಂತಾಯ್ತು" ಅಂದರು. ಮಾರನೇ ದಿನದಿಂದ ಆ ಬೀಗದ ಕೈ ಅವರ ಸೆರಗಿನ ತುದಿಗೆ ಗಂಟು ಬಿತ್ತು. ಮೂರು ಬಹುಮಾನ ಗೆದ್ದ ಬಾಯಿ ನನ್ನದು, ಅವತ್ತು ಮುಚ್ಚಿಕೊಂಡೆ.

ಇಷ್ಟೇ ಆಗಿದ್ದರೆ ನಗುತ್ತಾ ಇದ್ದುಬಿಡಬಹುದಿತ್ತು. ಆದರೆ ಡಾಕ್ಟರು ಎರಡು ಮಾತು ಕಡ್ಡಾಯವಾಗಿ ಹೇಳಿದ್ದರು. ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಓಡುವ ಯಂತ್ರದ ಹತ್ತಿರ ಹೋಗಬಾರದು, ಮಗ್ಗವಾದರೂ ಸರಿ, ಗಾಡಿಯಾದರೂ ಸರಿ. ಮಗ್ಗವನ್ನು ಅಪ್ಪ ಬಿಟ್ಟ. ಮೂರ್ಛೆಗಾಗಿ ಅಲ್ಲ, ನಡು ನೋವು ಅಂತ ತಾನೇ ಒಂದು ಕಾರಣ ಕಟ್ಟಿಕೊಂಡು ಬಿಟ್ಟ. ಎರಡು ಮಗ್ಗವನ್ನೂ ಅಮ್ಮ ನೋಡಿಕೊಳ್ಳತೊಡಗಿದಳು. ಅಪ್ಪನಿಗೆ ಉಳಿದದ್ದು ಕೂತು ನೂಲು ಸುತ್ತುವ ಕೆಲಸ, ಮತ್ತೆ ನೇಯ್ದ ಸೀರೆಯನ್ನು ಗಂಟು ಕಟ್ಟಿ ಮೊಪೆಡ್ಡಿನಲ್ಲಿ ಅಂಗಡಿಗೆ ಹಾಕಿ ಬರುವ ಕೆಲಸ. ಆ ಗಾಡಿಯನ್ನು ಮಾತ್ರ ಅವನು ಬಿಡಲಿಲ್ಲ.

"ಮಗ್ಗ ಬಿಡ್ಸಿದ್ರಿ. ಈಗ ಗಾಡಿನೂ ಬಿಟ್ಟು ಮನೇಲಿ ಕೂತ್ಕೊಂಡು ಅವರೆಕಾಯಿ ಸುಲೀಲಾ?"

ಒಂದು ಬುಧವಾರ ಅವನು ಹಿಂದೂಪುರ ರಸ್ತೆ ಕಡೆಯಿಂದ ಗಾಡಿ ತಳ್ಳಿಕೊಂಡು ಬಂದ. ಸೀರೆಗಂಟಿಗೆ ಮಣ್ಣಾಗಿತ್ತು. ಎಡಮೊಣಕೈ ತರಚಿ ರಕ್ತ ಒಣಗಿತ್ತು. ಆ ರಸ್ತೆಯಲ್ಲಿ ಕಲ್ಲಿನ ಲಾರಿಗಳು ಹೇಗೆ ಓಡಾಡುತ್ತವೆ ಅಂತ ನಾನು ವಿವರಿಸುವುದಿಲ್ಲ; ಅಮ್ಮನ ಮುಖ ನೋಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

"ಏನಾಯ್ತು?" ಅಂದೆ.

"ಗಾಡಿ ಕೆಟ್ಟೋಯ್ತು."

ಊಟಕ್ಕೆ ಕೂತಾಗ ಸಾರು ನಾಲಿಗೆಗೆ ತಾಕಿದ್ದೇ ತಡ, ಅಪ್ಪ ಹಾ ಅಂತ ಕಣ್ಣಲ್ಲಿ ನೀರು ತಂದುಕೊಂಡ. ನಾಲಿಗೆಯ ಅಂಚು ಕಚ್ಚಿಹೋಗಿತ್ತು.

"ಗಾಡಿ ಕೆಟ್ಟಿದ್ದಕ್ಕೆ ನಾಲಿಗೆ ಯಾಕೆ ಕಚ್ಕೊಂಡೆ?"

"ಗಾಡೀನ ಬಯ್ಯೋವಾಗ ಕಚ್ಕೊಂಡೆ ಕಣಮ್ಮ."

ಅದೇ ವಾರ ಅಮ್ಮನಿಗೆ ನೂಲಿನ ಡಬ್ಬಿಯ ತಳದಲ್ಲಿ ಮಾತ್ರೆಗಳು ಸಿಕ್ಕವು. ಒಂದಲ್ಲ ಎರಡಲ್ಲ, ಒಂದು ಬೊಗಸೆ. ಮಾತ್ರೆ ನುಂಗಿದರೆ ತಲೆ ಜೋಮು ಹಿಡಿಯುತ್ತದಂತೆ, ನಿದ್ದೆ ಎಳೆಯುತ್ತದಂತೆ. ಇಲ್ಲದ ಕಾಯಿಲೆಗೆ ಇರುವ ನಿದ್ದೆ ಯಾಕೆ ಅಂತ ಅಪ್ಪನ ವಾದ. ಅಮ್ಮ ಡಬ್ಬಿಯನ್ನು ನನ್ನ ಮುಂದೆ ಇಟ್ಟು, "ಊರೋರ ಮುಂದೆಲ್ಲ ಮಾತಾಡಿ ಗೆದ್ದು ಬರ್ತೀಯಲ್ಲ, ಇಲ್ಲಿ ಗೆಲ್ಲು" ಅಂದಳು.

ಭಾನುವಾರ, ಮಗ್ಗ ನಿಲ್ಲಿಸಿದ ದಿನ, ನಡುಮನೆಯಲ್ಲಿ ಚರ್ಚೆ ಇಟ್ಟುಕೊಂಡೆವು. ಅಮ್ಮ ಅವರೆಕಾಯಿ ರಾಶಿ ಹಾಕಿಕೊಂಡು ತೀರ್ಪುಗಾರಳಾಗಿ ಕೂತಳು. ನಾನು ಚೀಟಿ ತೋರಿಸಿದೆ, ಸ್ಕ್ಯಾನಿಂಗ್ ತೋರಿಸಿದೆ, ಬಿದ್ದ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದನ್ನು ತೋರಿಸಿದೆ. ಅಪ್ಪ ಕಾಲು ಚಾಚಿಕೊಂಡು ಕೇಳಿದ.

"ಸರಿ. ಬಿದ್ದೋನು ಯಾರು?"

"ನೀನು."

"ನಾನು ನೋಡಿದೀನಾ?"

"ನೀನು ಹೆಂಗೆ ನೋಡ್ತೀಯ, ನಿನಗೆ ಎಚ್ಚರ ಇರಲ್ವಲ್ಲ!"

"ಅದೇ ನಾನೂ ಹೇಳ್ತಿರೋದು. ನೋಡಿರೋರು ಯಾರು? ನೀನು, ನಿಮ್ಮಮ್ಮ. ಇಬ್ರೂ ಒಂದೇ ಪಾರ್ಟಿ."

"ಬೀದಿಯವರೆಲ್ಲ ನೋಡಿದಾರೆ."

"ಬೀದಿಯೋರು ದೆವ್ವಾನೂ ನೋಡಿದಾರೆ. ನೀನು ಒಪ್ತೀಯಾ?" ಒಂದು ಕಾಯಿ ಸುಲಿದು ಕಾಳನ್ನು ಬಾಯಿಗೆ ಎಸೆದುಕೊಂಡ. "ನೀನು ನಿದ್ದೇಲಿ ಗೊರಕೆ ಹೊಡೀತೀಯ. ಒಪ್ತೀಯಾ?"

"ಸುಳ್ಳು! ನಾನು ಯಾವತ್ತೂ ಹೊಡೆದಿಲ್ಲ."

"ಹೊಡೀತೀಯ" ಅಂದಳು ಅಮ್ಮ, ಕಾಯಿಯಿಂದ ಕಣ್ಣೆತ್ತದೆ.

"ನೋಡ್ದಾ? ಇಬ್ರು ಸಾಕ್ಷಿ ಹೇಳಿದ್ರೂ ನೀನು ಒಪ್ಪಲ್ಲ. ನಾನ್ಯಾಕೆ ಒಪ್ಲಿ?"

ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ಕೆಲವು ತಿಂಗಳ ಹಿಂದೆ ಅಪ್ಪನ ಅಕ್ಕ, ನಮ್ಮ ಅತ್ತೆ, ಬಂದು ಇದು ನಾಗದೋಷ, ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತುಕೊಳ್ಳಿ ಅಂದಿದ್ದರು. ನಾನು ಅವರಿಗೆ, ಕಣ್ಣಿಗೆ ಕಾಣದ್ದನ್ನ ನಂಬು ಅಂದ್ರೆ ಹೆಂಗೆ ನಂಬೋದು ಅತ್ತೆ, ಮೊದಲು ತೋರಿಸಿ ಆಮೇಲೆ ನಂಬ್ತೀನಿ ಅಂತ ದೊಡ್ಡ ಗಂಟಲಲ್ಲಿ ಹೇಳಿದ್ದೆ. ಅಪ್ಪ ಆಗ ಮೂಲೆಯಲ್ಲಿ ನೂಲು ಸುತ್ತುತ್ತಾ ಕೂತಿದ್ದ. ಈಗ ಆ ವಾಕ್ಯವನ್ನು ಒಂದಕ್ಷರ ಬಿಡದೆ, ನನ್ನದೇ ರಾಗದಲ್ಲಿ ಒಪ್ಪಿಸಿದ. "ಮೊದಲು ತೋರಿಸಿ, ಆಮೇಲೆ ನಂಬ್ತೀನಿ."

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸಿಪ್ಪೆ ಕೊಡವಿಕೊಂಡು ಎದ್ದಳು. "ಅಪ್ಪನೇ ಗೆದ್ದ" ಅಂದಳು. ಒಳಗೆ ಹೋಗಿ ಬಹಳ ಹೊತ್ತು ಪಾತ್ರೆಗಳನ್ನು ಬೇಕಂತಲೇ ಎತ್ತಿ ಎತ್ತಿ ಕುಕ್ಕಿದಳು.

"ವಿಡಿಯೋ ತೆಗೆದು ತೋರಿಸ್ತೀನಿ. ಆಮೇಲೆ ಮಾತ್ರೆ ನುಂಗ್ತೀಯಾ? ಗಾಡಿ ಬಿಡ್ತೀಯಾ?" ಅಂದೆ.

"ಧಾರಾಳವಾಗಿ. ತೋರ್ಸು."

ಹೀಗೆ ಅಪ್ಪನ ಒಪ್ಪಿಗೆ ಪಡೆದೇ ನಾನು ಕಾಯಲು ಶುರುಮಾಡಿದೆ. ಆದರೆ ಆ ಕಾಯುವಿಕೆ ಎಂಥದ್ದು ಅಂತ ಮೊದಲು ಯೋಚಿಸಿರಲಿಲ್ಲ. ನನ್ನ ಫೋನಿನ ಬ್ಯಾಟರಿ ಯಾವಾಗಲೂ ತುಂಬಿರುತ್ತಿತ್ತು. ಅಪ್ಪ ಚಮಚ ಬೀಳಿಸಿದರೆ ಕೈ ಫೋನಿಗೆ ಹೋಗುತ್ತಿತ್ತು. ಆಕಳಿಸಿದರೆ ಹೋಗುತ್ತಿತ್ತು. ಅವನು ಗಾಡಿ ತೆಗೆದುಕೊಂಡು ಹೊರಟ ದಿನ, ಬೀಳುವುದಾದರೆ ಮನೆಯಲ್ಲೇ ಬೀಳಲಿ, ನನ್ನ ಎದುರೇ ಬೀಳಲಿ ಅಂದುಕೊಳ್ಳುತ್ತಿದ್ದೆ. ಹೆತ್ತ ಅಪ್ಪ ಬೀಳಲಿ ಅಂತ ಹಾರೈಸುವ ಮಗಳು! ದೇವರನ್ನು ನಂಬುವವಳಾಗಿದ್ದರೆ ತಪ್ಪುಕಾಣಿಕೆಯಾದರೂ ಹಾಕಬಹುದಿತ್ತು. ಅದಕ್ಕೂ ದಾರಿ ಇರಲಿಲ್ಲ.

ಅಪ್ಪನಿಗೆ ಇದರಿಂದ ಮಜವೋ ಮಜ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಇದ್ದಕ್ಕಿದ್ದಂತೆ ಗೋಡೆಗೆ ಒರಗಿ ಕಣ್ಣು ಮೇಲೆ ಮಾಡಿದ. ನಾನು ಫೋನ್ ಎತ್ತಿದೆ. ಒಂದು ಕಣ್ಣು ತೆರೆದು, "ಬೆಳಕು ಸಾಕಾ?" ಅಂದ. ಅಮ್ಮ ಸೌಟು ಹಿಡಿದುಕೊಂಡು ಅವನನ್ನು ಹಿತ್ತಲವರೆಗೂ ಅಟ್ಟಿದಳು.

ನಿಜವಾಗಿ ಬಂದದ್ದು ಆ ತಿಂಗಳ ಕೊನೆಯಲ್ಲಿ, ಒಂದು ಶನಿವಾರ ತಿಂಡಿಯ ಹೊತ್ತಿಗೆ. ಅಪ್ಪ ನೂಲು ಸುತ್ತುವ ಮಣೆಯ ಮೇಲೆ ಕೂತಿದ್ದ. ಗಂಟಲಿನಿಂದ ಒಂದು ಥರದ ಸದ್ದು ಬಂತು, ದೇಹ ಹಲಗೆಯಂತೆ ಬಿಗಿಯಿತು, ಹಾಗೇ ಪಕ್ಕಕ್ಕೆ ಉರುಳಿದ. ನಾನು ವಿಡಿಯೋ ಒತ್ತಿದೆ. ಒತ್ತಿದ್ದಷ್ಟೇ. ಅವನ ತಲೆ ಮಣೆಯ ಕಾಲಿಗೆ ಬಡಿಯುವುದರಲ್ಲಿತ್ತು. ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿಟ್ಟು ಓಡಿದೆ. ಮಣೆ ಎಳೆದೆ, ತಲೆ ಕೆಳಗೆ ಟವೆಲ್ ಕೊಟ್ಟೆ, ಡಾಕ್ಟರು ಹೇಳಿದಂತೆ ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡೆ. ಅಮ್ಮ ಮಗ್ಗ ನಿಲ್ಲಿಸಿ ಬಂದು ಅವನ ತಲೆಯ ಹತ್ತಿರ ಕೂತಳು. ಆಮೇಲೆ ಬೀದಿ ಬಂತು, ಅಜ್ಜಿ ಬಂದರು, ಎಂದಿನಂತೆ ಎಲ್ಲ ನಡೆಯಿತು. ಅಪ್ಪ ನಿಧಾನಕ್ಕೆ ಕಣ್ಣು ಬಿಟ್ಟು, ಯಾರನ್ನೂ ಗುರುತಿಸದೆ ನೋಡಿ, ಮಧ್ಯಾಹ್ನದವರೆಗೆ ಮಲಗಿದ.

ಎದ್ದು ಮಜ್ಜಿಗೆ ಕುಡಿದ ಮೇಲೆ ಅವನೇ ಕೇಳಿದ. "ಸಿಕ್ತಾ?"

ಅಮ್ಮನಿಗೆ ಸಿಟ್ಟು ಬಂತು. "ನಾಚಿಕೆ ಆಗಲ್ವಾ ನಿಮ್ಮಿಬ್ರಿಗೂ? ಅದೇನು ಸಿನಿಮಾನಾ?" ಅಂದು ಎದ್ದು ಮಗ್ಗದ ಕೋಣೆಗೆ ಹೊರಟವಳು, ಬಾಗಿಲ ಹತ್ತಿರ ಏಕೋ ನಿಂತಳು.

ನನ್ನ ಸಾಕ್ಷ್ಯ ನೆಟ್ಟಗಿರಲಿಲ್ಲ. ಅಕ್ಕಿ ಡಬ್ಬಿಯ ಪಕ್ಕದಿಂದ ಕಂಡದ್ದು ಮುಕ್ಕಾಲು ಪಾಲು ಗೋಡೆ, ಒಂದಿಷ್ಟು ನೆಲ, ನನ್ನ ಬೆನ್ನು, ಆಚೆ ಅಪ್ಪನ ಎರಡು ಕಾಲು. ಕಾಲುಗಳು ಒಂದೇ ಸಮನೆ ಅದುರುತ್ತಿದ್ದವು. ಅಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಮೊದಲು ಅವನಂದದ್ದು, "ಲುಂಗಿ ಮೇಲೋಗಿದೆ. ಅದನ್ನ ಎಳೆದು ಆಮೇಲೆ ವಿಡಿಯೋ ತೆಗೆಯೋಕೇನಾಗಿತ್ತು?"

ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನಿನೊಳಗಿಂದ ಅಮ್ಮನ ದನಿ ಬಂತು.

"ಲೋ... ಏಳೋ... ಎದ್ದೇಳೋ ನನ್ ರಾಜ... ಎಲ್ಲೋಗಿದೀಯೋ... ಬಾರೋ, ಬಂದ್ಬಿಡೋ..."

ಅಪ್ಪ ಕತ್ತೆತ್ತಿದ. "ಇದು ಯಾರು?"

"ಯಾರಂದ್ರೆ? ಅಮ್ಮ."

"ಯಾರಿಗೆ ಹೇಳ್ತಿದಾಳೆ?"

"ನಿನಗೆ."

ಅವನ ಅನುಮಾನ ನ್ಯಾಯವಾದದ್ದೇ. ಅಮ್ಮ ಅವನನ್ನು 'ರೀ' ಬಿಟ್ಟು ಬೇರೆ ಕರೆದದ್ದನ್ನು ಅವನು ಕೇಳಿಲ್ಲ. ರೀ, ತಿಂಡಿ ತಿನ್ನಿ. ರೀ, ಬಾಗಿಲು ಹಾಕ್ಕೊಳ್ಳಿ. ಸೌಟು ಹಿಡಿದು ಅಟ್ಟುವಾಗಲೂ, "ನಿಂತ್ಕೊಳ್ರೀ!" ಅಂತಲೇ ಅಟ್ಟಿದ್ದು. ನಾನಾದರೆ ಈ 'ಲೋ, ಏಳೋ'ಗಳನ್ನು ಅವನು ಬಿದ್ದಾಗಲೆಲ್ಲ ಕೇಳಿದ್ದೇನೆ. ಬೀದಿಯೂ ಕೇಳಿದೆ, ಆ ಕೂಗು ಕೇಳಿಯೇ ಅವರು ಓಡಿ ಬರುತ್ತಿದ್ದದ್ದು. ಇದು ಅಪ್ಪನಿಗೆ ಗೊತ್ತಿಲ್ಲದ ಸಂಗತಿ ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಇನ್ನೊಂದ್ಸಲ ಹಾಕು" ಅಂದ.

ಹಾಕಿದೆ. ಈ ಸಲ ಅವನು ಪರದೆ ನೋಡಲಿಲ್ಲ, ಫೋನನ್ನು ಕಿವಿಗೆ ಹಿಡಿದುಕೊಂಡ. ಮುಗಿಯಿತು. ತಿರುಗಿ ಹಾಕಿಸಿದ. ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಯಾವಾಗ ಮಾಯವಾದಳೋ, ಮಗ್ಗದ ಕೋಣೆಯಲ್ಲಿ ಎರಡೂ ಮಗ್ಗ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು.

"ಪ್ರತಿ ಸಲಾನೂ ಹಿಂಗೇ ಕರೀತಾಳಾ?"

"ಪ್ರತಿ ಸಲಾನೂ."

"ಛೇ" ಅಂದ ಅಪ್ಪ. "ಒಂದ್ಸಲಾನೂ ನಾನು ಇರ್ಲಿಲ್ವಲ್ಲ."

ಚರ್ಚೆಯಲ್ಲಿ ಎದುರಾಳಿ ತನಗೇ ಗೊತ್ತಿಲ್ಲದೆ ನಿಮ್ಮ ಪಕ್ಷ ಒಪ್ಪಿಕೊಂಡುಬಿಡುವ ಒಂದು ವಾಕ್ಯ ಇರುತ್ತದೆ. ಅದಕ್ಕಾಗಿ ಹೊಂಚು ಹಾಕಬೇಕು, ಬಂದ ಕೂಡಲೇ ಎತ್ತಿ ಸಭೆಗೆ ತೋರಿಸಬೇಕು ಅಂತ ನನಗೆ ಕಲಿಸಿದ್ದಾರೆ. ಅವತ್ತು ನಾನು ಎತ್ತಿ ತೋರಿಸಲಿಲ್ಲ. ಸುಮ್ಮನೆ ಹೋಗಿ ಮಾತ್ರೆ, ನೀರು ತಂದಿಟ್ಟೆ.

ಡಾಕ್ಟರಿಗೆ ವಿಡಿಯೋ ತೋರಿಸಿದೆವು. ಒಳ್ಳೆಯದಾಯಿತು ಅಂದರು. ನಿದ್ದೆ ಎಳೆಯುತ್ತೆ ಅಂತ ಮೊದಲೇ ಬಾಯಿ ಬಿಟ್ಟು ಹೇಳಬಾರದಿತ್ತಾ ಅಂತ ಅಪ್ಪನನ್ನು ಗದರಿ ಮಾತ್ರೆ ಬದಲಾಯಿಸಿದರು. ಆಮೇಲೆ ಅಪ್ಪನ ಎದುರೇ ಆ ವಿಡಿಯೋ ಅಳಿಸಿದೆ. ಅಳಿಸುವ ಮೊದಲು, "ದನಿ ಮಾತ್ರ ಬೇರೆ ಇಟ್ಕೊಳ್ಳೋಕಾಗುತ್ತಾ?" ಅಂತ ಕೇಳಿದ. ಆಗುತ್ತೆ ಅಂದೆ. ಅಮ್ಮ, "ಇಟ್ಕೊಂಡ್ರೆ ಇಬ್ರೂ ಮನೆ ಬಿಟ್ಟು ಹೋಗಿ" ಅಂದಳು. ಅಳಿಸಿದೆ.

ಗಾಡಿ ನನ್ನ ಪಾಲಿಗೆ ಬಂತು. ಕಾಲೇಜಿಗೆ ಹೋಗುವ ಮೊದಲು ಸೀರೆಗಂಟು ಹಾಕಿ ಬರುತ್ತೇನೆ. ಅಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತು, ನಾನು ತಿರುಗಿಸುವ ಪ್ರತಿ ತಿರುವಿಗೂ ಆಕ್ಷೇಪಣೆ ಎತ್ತುತ್ತಾನೆ.

ಉಳಿದದ್ದು ಮಾತ್ರೆ. ಮಾತು ಕೊಟ್ಟಿದ್ದ, ನುಂಗಲೇಬೇಕು. ಆದರೆ ಅಪ್ಪ ಅದಕ್ಕೊಂದು ಷರತ್ತು ಸೇರಿಸಿದ. ಅಮ್ಮ ತಟ್ಟೆ ಎತ್ತಿ, "ರೀ, ಮಾತ್ರೆ ತಗೊಳ್ಳಿ" ಅಂದರೆ, ಇವನು ಸುತ್ತಮುತ್ತ ನೋಡಿ, "ಯಾರನ್ನ ಕರೀತಿದೀಯ?" ಅನ್ನುತ್ತಿದ್ದ.

"ನಿಮ್ಮನ್ನೇ ಕಣ್ರೀ."

"ನಾನು ಬೇರೆ ಯಾರೋ ಮನೆಗೆ ಬಂದವ್ರು ಅಂದ್ಕೊಂಡೆ. ಸರಿಯಾಗಿ ಕರೆದ್ರೆ ನುಂಗ್ತೀನಿ."

"ಮಗಳ ಮುಂದೆ ಏನ್ರೀ ಇದು?"

"ಬೀದಿ ಮುಂದೆ ಕರೆದಿದೀಯ, ಸಾಕ್ಷಿ ಇತ್ತು."

ಮೂರು ದಿನ ಈ ಜಗ್ಗಾಟ ನಡೆಯಿತು. ಕೊನೆಗೆ ನಾನೇ ಬಾಯಿಗೆ ತುರುಕುತ್ತಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ಒಂದು ಉಪಾಯ ಮಾಡಿದಳು. ಮಗ್ಗ ಓಡುತ್ತಿರುವಾಗ ಮೆಲ್ಲಗೆ ಹೇಳಿದರೆ ಯಾರಿಗೂ ಕೇಳುವುದಿಲ್ಲ, ಹೇಳಿದ ಹಾಗೂ ಆಗುತ್ತದೆ. ಎರಡೂ ಮಗ್ಗ ಹಾಕಿದಳು. ಅಪ್ಪನನ್ನು ಮಗ್ಗದ ಕೋಣೆಯ ಬಾಗಿಲಿಗೇ ಕರೆಸಿದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ. ತುಟಿ ಅಲ್ಲಾಡಿಸಿದಳು.

"ಏನು? ಕೇಳಿಸ್ತಿಲ್ಲ!" ಅಂತ ಅಪ್ಪ ಕಿವಿ ತೋರಿಸಿದ.

ಅಮ್ಮ ಸ್ವಲ್ಪ ಗಟ್ಟಿಯಾಗಿ ಹೇಳಿದಳು.

"ಮಗ್ಗದ ಸದ್ದಲ್ಲಿ ಏನೂ ಕೇಳಿಸ್ತಿಲ್ಲ ಕಣೇ!"

ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ನಾನು ಪುಸ್ತಕ ಓದುವವಳಂತೆ ತಲೆ ಬಗ್ಗಿಸಿದೆ. ಅವಳು ಉಸಿರು ತುಂಬಿಕೊಂಡಳು. ಅದೇ ಕ್ಷಣಕ್ಕೆ ಕರೆಂಟು ಹೋಯಿತು. ನಮ್ಮ ಎರಡು ಮಗ್ಗ, ಪಕ್ಕದ ಮನೆಯ ನಾಲ್ಕು, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಇದ್ದಬದ್ದ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆ ನಿಶ್ಶಬ್ದದ ನಟ್ಟನಡುವೆ ಅಮ್ಮನ ದನಿ ಪೂರ್ತಿ ಜೋರಿನಲ್ಲಿ ಎದ್ದಿತು.

"ನುಂಗೋ ಲೋ, ನನ್ ರಾಜ!"

ಬೀದಿಯಲ್ಲಿ ಕೂಡಲೇ ಚಪ್ಪಲಿ ಸದ್ದು. ಬಾಗಿಲ ತುಂಬ ಜನ, ಮುಂದೆ ಎದುರುಮನೆ ಅಜ್ಜಿ. "ಏನಮ್ಮಾ, ಮತ್ತೆ ಬಂತಾ?"

ಅಮ್ಮ ಲೋಟವನ್ನು ಅಲ್ಲೇ ಕಿಟಕಿಯಲ್ಲಿಟ್ಟು, ಮಾತ್ರೆಯನ್ನು ಅಪ್ಪನ ಅಂಗೈಗೆ ಒತ್ತಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಅಡುಗೆಮನೆ ಸೇರಿದಳು. ಏನಾದರೂ ಹೇಳಿ ಅವರನ್ನು ಕಳಿಸೋಣ ಅಂತ ನಾನು ಎದ್ದೆ. ಅಪ್ಪ ನನಗಿಂತ ಮುಂದೆ ಹೋದ.

"ಇಲ್ಲ ಅಜ್ಜಿ, ಬಂದಿಲ್ಲ. ಬರ್ದೇ ಇರ್ಲಿ ಅಂತ ಮಾತ್ರೆ ತಗೋತಿದೀನಿ" ಅಂದ. ಮಾತ್ರೆಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ. "ನನಗೆ ಫಿಟ್ಸ್ ಇದೆಯಲ್ಲ, ಅದಕ್ಕೆ."

ಬಾಯಿಗೆ ಹಾಕಿಕೊಂಡ, ಕಿಟಕಿಯಲ್ಲಿದ್ದ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದ. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎದ್ದು ನಿಂತು ಮಾತಾಡುತ್ತಿದ್ದಾನೆ ಅಂತ ಖಾತ್ರಿ ಮಾಡಿಕೊಂಡು, ಗುಂಪನ್ನು ಕರೆದುಕೊಂಡು ಹೋದರು. ಹೋಗುವಾಗ ಯಾರೋ ಹೆಂಗಸರು ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

ಅಡುಗೆಮನೆಯಿಂದ ಅಮ್ಮ ಮುಖ ತೋರಿಸದೆ, "ರೀ, ನೀರು ಪೂರ್ತಿ ಕುಡೀರಿ" ಅಂದಳು.

ಅಪ್ಪ ಲೋಟ ಖಾಲಿ ಮಾಡಿದ. ನನ್ನ ಪಕ್ಕ ಬಂದು ಕೂತು, ದನಿ ತಗ್ಗಿಸಿ, ಸಂಜೆಯ ಮಾತ್ರೆ ಎಷ್ಟು ಗಂಟೆಗೆ ಅಂತ ಕೇಳಿದ.